ಬಿಚ್ಚದೆ ಬಿಟ್ಟ ಬಾಳೆನಾರಿನ ಗಂಟು

ಇವತ್ತು ನಮ್ಮೂರಿನ ಗಾಜಿಪುರ ಬಡಾವಣೆಯ ಮದುವೆ ಮನೆಯೊಂದರ ಮುಂದೆ ಬಾಳೆಗಿಡ ಕಟ್ಟುತ್ತಿದ್ದರು. ಕಡಿದ ದಿಂಡಿನ ಒಗರು ವಾಸನೆ ಮೂಗಿಗೆ ಬಂತು. ನಿಮಗಾದರೆ ಊಟದ ಪಂಕ್ತಿ ನೆನಪಾದೀತು. ನನಗೆ ನೆನಪಾದದ್ದು ಓಕಿನಾವಾ. ಆ ದ್ವೀಪವನ್ನು ನಾನು ನೋಡಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ವರದಿಗಾರನಾಗಿದ್ದವನ ಚಟ, ಬಿಟ್ಟಿಲ್ಲ.

ತೊಂಬತ್ತರ ದಶಕದ ಕೊನೆ. ಭೀಮಾ ದಂಡೆಯ ಬೌದ್ಧ ಅವಶೇಷಗಳನ್ನು ನೋಡಲು ಬಂದ ಯಾತ್ರಿಕರಲ್ಲಿ ಚಿಯೋ ಎಂಬ ಐವತ್ತು ದಾಟಿದ ಓಕಿನಾವಾದ ಹೆಂಗಸಿದ್ದರು. ಬೋಧಗಯೆಯಲ್ಲಿ ಕಲಿತ ಮುರುಕು ಹಿಂದಿ. ನಾನು ಸ್ತೂಪದ ಬಗ್ಗೆ ಕೇಳಿದರೆ ಅವರು ಕಮಲಾಪುರದ ಕೆಂಪು ಬಾಳೆಯ ಬಗ್ಗೆ ಕೇಳಿದರು. ಅವರ ಊರಿನಲ್ಲಿ ಬಾಳೆಯ ನಾರಿನಿಂದ ಬಟ್ಟೆ ನೇಯುತ್ತಾರಂತೆ. ಕರೆದುಕೊಂಡು ಹೊರಟೆ.

ದಾರಿಯಲ್ಲಿ ಅವರು ಹೇಳಿದ್ದು ಇಷ್ಟು: ಅವರದು ಒಂದು ಕಾಲಕ್ಕೆ ಬೇರೆಯೇ ರಾಜ್ಯ; ಜಪಾನ್ ಅದನ್ನು ನುಂಗಿತು. ಶಾಲೆಯಲ್ಲಿ ಮನೆಮಾತು ಆಡಿದ ಮಕ್ಕಳ ಕೊರಳಿಗೆ ಶಿಕ್ಷೆಯ ಹಲಗೆ ಬೀಳುತ್ತಿತ್ತು. ನಿಜಾಮರ ಕಾಲದಲ್ಲಿ ಉರ್ದು ಶಾಲೆಗೆ ಹೋಗಿ ಮನೆಯಲ್ಲಿ ಕನ್ನಡ ಆಡಿದ ನನ್ನ ಅಪ್ಪ ಇದ್ದಿದ್ದರೆ ಇವರನ್ನು ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ದ್ವೀಪ ಸುಟ್ಟುಹೋಯಿತು. ಆಮೇಲೆ ಬಂದ ಅಮೆರಿಕದ ಸೈನಿಕರು ಸೊಳ್ಳೆ ಹೆಚ್ಚುತ್ತವೆಂದು ನಾರಿನ ಬಾಳೆಯನ್ನೂ ಕಡಿದರು. ಅಳಿದುಳಿದ ಗಿಡಗಳಿಂದ ತಾಯಂದಿರು ಮತ್ತೆ ಮಗ್ಗ ಹೂಡಿದರು. ಈಗ ಚಿಯೋ ಅವರ ಚಿಂತೆ ಒಂದೇ: ಮಗಳು ನೂಲು ಮುಟ್ಟಲು ಒಲ್ಲಳು. ಮನೆಯ ಮಗ್ಗ ತಮ್ಮೊಂದಿಗೇ ನಿಂತುಹೋಗುತ್ತದೆ.

ಕಮಲಾಪುರದಲ್ಲಿ ತೋಟದ ಒಡತಿ ಶರಣಮ್ಮ. ಚಿಯೋ ಎತ್ತರದ ಗಿಡವೊಂದನ್ನು ತಟ್ಟಿ, ಇದನ್ನು ಕಡಿದುಕೊಡಿ ಎಂದರು. ಹೂ ಬಿಟ್ಟರೆ ನಾರು ಗಡುಸಾಗುತ್ತದೆ, ಅದಕ್ಕೇ ಅವರಲ್ಲಿ ಮೊದಲೇ ಕಡಿಯುತ್ತಾರೆ.

“ಏನ್ರೀ ಬಾಯಿ, ಗೊನಿ ಹಾಕಲಾರ್ದ ಗಿಡಕ್ಕ ಕುಡಗೋಲು ಹಚ್ತಾರೇನು? ನಮ್ಮನಿ ಮಂದಿ ನನ್ನ ಕಡೀತಾರ!” ಎಂದು ಶರಣಮ್ಮ ಗಿಡಕ್ಕೆ ಅಡ್ಡ ನಿಂತರು. ಆಮೇಲೆ ಅವರೇ ಬುಡದಲ್ಲಿ ಕೀಳಬೇಕಾಗಿದ್ದ ದಪ್ಪ ಮರಿಗಳನ್ನು ತೋರಿಸಿದರು. “ಇವು ಹೆಂಗೂ ತೆಗೆಯಾವ. ಒಯ್ರಿ.”

ಅವುಗಳ ಪಟ್ಟೆ ಬಿಡಿಸಿ ಬೂದಿ ನೀರಿನಲ್ಲಿ ಕುದಿಸಿ, ಬಿದಿರಿನಿಂದ ಕೆರೆದಾಗ ತೆಳ್ಳಗಿನ ನಾರು ಬಂತು. ಚಿಯೋ ಎಳೆಗೆ ಎಳೆ ಸೇರಿಸಿ, ಕಣ್ಣಿಗೆ ಕಾಣದಂಥ ಗಂಟು ಹಾಕತೊಡಗಿದರು. ನಾನೂ ಹಾಕಿದೆ. ಶರಣಮ್ಮ ನೋಡಿ, “ಸಾಹೇಬ್ರ, ಇದು ಎಮ್ಮಿ ಕಟ್ಟಾಕ ಬರ್ತದ” ಎಂದರು.

ಆಮೇಲೆ ಶರಣಮ್ಮ ತಾವೂ ಒಂದು ಹಾಕಿದರು; ಅವರ ಗಂಟೂ ಸೊಟ್ಟಗೇ ಇತ್ತು. ಚಿಯೋ ಅದನ್ನು ಬಿಚ್ಚಲು ಕೈ ಹಾಕಿದರು. ಶರಣಮ್ಮ ಆ ಕೈಯನ್ನು ಮೆಲ್ಲಗೆ ಸರಿಸಿದರು.

“ಬಿಡ್ರಿ ಬಾಯಿ, ನಂದು ಹಂಗೇ ಇರ್ಲಿ. ನೀವು ಬಿಚ್ಕೋತ ಕುಂತ್ರ ನಾ ಯಾವಾಗ ಕಲೀಬೇಕು?”

ನಾನು ಹಿಂದಿಗೆ ತಂದು ಹೇಳಿದೆ. ಚಿಯೋ ಆ ಎಳೆಯನ್ನು ಬಿಚ್ಚದೆ ಶರಣಮ್ಮನ ಮಡಿಲಿಗೇ ಇಟ್ಟರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. “ಮಗಳ ಗಂಟನ್ನೂ ಹೀಗೇ ಬಿಚ್ಚುತ್ತಿದ್ದೆ. ಪ್ರತಿ ಸಲವೂ.”

ಮರುವರ್ಷ ನಮ್ಮ ಕಚೇರಿಗೆ ಓಕಿನಾವಾದಿಂದ ಅಂಗೈಯಗಲದ ಬಾಳೆನಾರಿನ ಬಟ್ಟೆ ಬಂತು, ಜೊತೆಗೆ ಒಂದಕ್ಷರವೂ ಇಲ್ಲ. ಕಮಲಾಪುರಕ್ಕೆ ಒಯ್ದೆ. ಶರಣಮ್ಮ ಅದರ ಮೇಲೆ ಹೆಬ್ಬೆರಳಾಡಿಸುತ್ತ ಒಂದು ಕಡೆ ಬೆರಳು ನಿಲ್ಲಿಸಿದರು.

“ಇಲ್ಲಿ ಗಂಟು ಸೊಟ್ಟ ಅದಾವ ನೋಡ್ರಿ. ಆ ಬಾಯಿ ಇವನ್ನ ಬಿಚ್ಚಿಲ್ಲ. ಮಗಳು ನೂಲಿಗೆ ಕುಂತಾಳ್ರಿ!”

ಪತ್ರಿಕೆಗೆ ಇಷ್ಟು ಸಾಕ್ಷಿ ಸಾಲದು. ನನಗೆ ಸಾಕಾಯಿತು. ಈಗ ಆ ದ್ವೀಪದ ಸುದ್ದಿ ಬಂದರೆ ಸೈನ್ಯದ ನೆಲೆ, ವಿಮಾನದ ಸದ್ದು, ಜನರ ಧರಣಿ ಇಷ್ಟೇ ಇರುತ್ತದೆ. ಎಲ್ಲವನ್ನೂ ಓದುತ್ತೇನೆ. ಓದಿ ಮಡಚಿಟ್ಟ ಮೇಲೆ, ಈ ಹೊತ್ತಿಗೆ ಅಲ್ಲಿ ತಾಯಿ ಮಗಳು ಎದುರುಬದುರು ಕೂತಿರಬೇಕು ಎಂದುಕೊಳ್ಳುತ್ತೇನೆ.