ಮೂರನೆಯವನನ್ನು ಉಳಿಸಿದ್ದು

ಹೈದರಾಬಾದಿನ ಕನ್ನಡಿಗರಿಗೆ ಒಂದು ಭ್ರಮೆಯಿದೆ: ಮನೆಯ ಹೊರಗೆ ನಮ್ಮ ಭಾಷೆ ಯಾರಿಗೂ ತಿಳಿಯುವುದಿಲ್ಲ ಅಂತ. ಹೀಗಾಗಿ ಬೀಗರ ಬುದ್ಧಿ, ಸ್ವಂತ ಮೂಲವ್ಯಾಧಿ ಎಲ್ಲವನ್ನೂ ಲೋಕಲ್ ರೈಲಿನಲ್ಲಿ ಎತ್ತರದ ದನಿಯಲ್ಲೇ ಚರ್ಚಿಸುತ್ತೇವೆ. ನಾನು ಒಮ್ಮೆ ಕೊಲೆಯನ್ನೂ ಚರ್ಚಿಸಿದೆ.

ಆಗ ನಾನೊಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೆ. ಸಾಲುಸಾಲಾಗಿ ಕೊಲ್ಲುತ್ತ ಹೋಗುವ ಹಂತಕ, ಅವನ ಬೆನ್ನು ಹತ್ತಿದ ಇನ್‌ಸ್ಪೆಕ್ಟರ್. ಮನೆಯಲ್ಲಿ ಜಿರಳೆ ಕಂಡರೆ ಹೆಂಡತಿಯನ್ನು ಕರೆಯುವವನು ನಾನು. ಕಾಗದದ ಮೇಲೆ ಮಾತ್ರ ಇಬ್ಬರನ್ನು ಸಲೀಸಾಗಿ ಮುಗಿಸಿದ್ದೆ. ಮೂರನೆಯವನಿಗೆ ಜಾಗ ಹೊಳೆಯುತ್ತಿರಲಿಲ್ಲ.

ಒಂದು ಸಂಜೆ ಆಫೀಸಿನಿಂದ ಲೋಕಲ್ ರೈಲಿನಲ್ಲಿ ಮಲ್ಕಾಜ್‌ಗಿರಿಯ ಮನೆಗೆ ಮರಳುವಾಗ ಹೆಂಡತಿಯ ಫೋನ್ ಬಂತು. "ಇಬ್ಬರದು ಆತು," ಎಂದೆ. "ಮೂರನೇದವನ್ನ ಸನತ್‌ನಗರದ ಕಾರ್ಖಾನಿ ಹಿಂದ ಮುಗಸ್ಲೇನು?" ಅಲ್ಲಿ ತನ್ನ ಕಾಕಾನ ಮನೆ ಇದೆ, ಬೇಡ ಎಂದಳು. "ಆತು ಬಿಡು, ಬೇಗಂ ಬಜಾರ್‌ದಾಗ ಮುಗಸ್ತೀನಿ. ಅಲ್ಲಿಂದ ಬರುವಾಗ ಜೀರಗಿ ಎಷ್ಟು ತರ್ಲಿ?"

ಫೋನ್ ಇಟ್ಟಾಗ ಎದುರು ಸೀಟಿನ ಮುದುಕಿಯ ಮುಖ ಬಿಳಿಚಿತ್ತು. ಅಲ್ಲಿಯವರೆಗೆ ಪಕ್ಕದವಳೊಂದಿಗೆ ತೆಲುಗು ಮಾತಾಡುತ್ತಿದ್ದವಳು. ಎದ್ದು ಬಂದು ನನ್ನ ಪಕ್ಕ ಕೂತಳು.

"ತಮ್ಮಾ, ನಾನೂ ಬೀದರ ಕಡಿಯಾಕಿ," ಎಂದಳು ಮೆಲ್ಲಗೆ. "ಪೊಲೀಸರಿಗೆ ಹೇಳಬೇಕಂದೆ. ನಮ್ಮ ಮಾತಿನಾಂವ ಅದಾನ, ಮೊದಲ ಒಂದು ಮಾತು ಕೇಳಿ ನೋಡೂಣು ಅಂತ ಬಂದೆ. ಆ ಮೂರನೇದವನ್ನ ಬಿಟ್ಟಬಿಡಪಾ. ಅವನ ಹೆಸರೇನು?"

"ಇನ್ನೂ ಹೆಸರು ಇಟ್ಟಿಲ್ರಿ ಅವ್ವಾ," ಎಂದುಬಿಟ್ಟೆ. ಆಮೇಲೆ ಅದು ಬರೀ ಕಥೆ ಎಂದು ತೊದಲುತ್ತ ವಿವರಿಸಿದೆ.

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸ್ಟೇಷನ್ ಬಂದಾಗ ಎದ್ದು ನಿಂತು ಹೇಳಿದಳು: "ಬರೀ ಕಥೀನೇ ಆಗಿದ್ರ, ಅವನ್ನ ಉಳಸಾಕ ನಿನಗೇನು ತ್ರಾಸು?"

ಅಷ್ಟು ಹೇಳಿ ಇಳಿದುಹೋದಳು.

ಮರುದಿನ ಬರೆಯಲು ಕೂತು, ಮೊದಲು ಅವನಿಗೊಂದು ಹೆಸರಿಡೋಣ ಎಂದು ಶಿವಪ್ಪ ಎಂದಿಟ್ಟೆ. ಅಲ್ಲೇ ಕೆಟ್ಟಿತು. ಹೆಸರು ಬಂದದ್ದೇ ತಡ, ಹಲ್ಲುನೋವು ಬಂತು, ಮಿರ್ಚಿ ಭಜಿಯ ಚಟ ಬಂತು, ಮದುವೆ ವಯಸ್ಸಿನ ಮಗಳು ಬಂದಳು. ಹಂತಕ ಬೇಗಂ ಬಜಾರಿನ ಸಂದಿಯಲ್ಲಿ ಹಗ್ಗ ಹಿಡಿದು ಕಾದದ್ದೇ ಬಂತು. ಶಿವಪ್ಪ ಚೌಕಾಸಿ ಮುಗಿಸಿ ನೆಟ್ಟಗೆ ಮನೆಗೆ ಹೋದ.

ಎರಡೇ ಕೊಲೆಗೆ ಸರಣಿ ಹಂತಕ ಅನ್ನಲಾಗದು, ಇನ್ನೊಂದಾದರೂ ಬೇಕು ಎಂದು ಪ್ರಕಾಶಕರು ಪಟ್ಟು ಹಿಡಿದಿದ್ದಾರೆ. ಅವರಿಗೆ ಹೇಗೆ ಹೇಳಲಿ, ಮುಂದಿನ ಅಧ್ಯಾಯದಲ್ಲಿ ಶಿವಪ್ಪನ ಮಗಳ ಲಗ್ನ ಐತಿ ಅಂತ.