ಬೀಗಿತ್ತಿ ಹಿಡಿದ ಕಾಲು

ನಮ್ಮ ಬೀಗಿತ್ತಿಯ ಕಾಲ್ಬೆರಳುಗಳು ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ. ಬೀಸಣಿಗೆ ಬಿಚ್ಚಿದ ಹಾಗೆ ಅಗಲವಾಗಿ ನೆಲವನ್ನು ಕಚ್ಚಿಕೊಳ್ಳುತ್ತಿದ್ದವು. ಅವರು ನನ್ನ ಮಗಳ ಅತ್ತೆ, ಆಂಧ್ರದ ಗಡಿಯ ರಾಯಚರ್ಲು ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು. ಬಯ್ಯುವಾಗ ಮಾತ್ರ ಹಿಡಿಯುತ್ತಿರಲಿಲ್ಲ.

ನಾನು ಮಧುಗಿರಿ ಬೆಟ್ಟದ ಬುಡದಲ್ಲೇ ಬೆಳೆದವಳು. ಓದಿದ್ದು ಕಡಿಮೆ, ಹತ್ತಿದ್ದು ಜಾಸ್ತಿ. ಒಂದು ಮಳೆಗಾಲದಲ್ಲಿ ಪಾಚಿ ಕಟ್ಟಿದ ಬಂಡೆಯ ಮೇಲೆ ಜಾರಿ ಕಣಕಾಲು ಮುರಿದುಕೊಂಡೆ. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಬಚ್ಚಲಿಗೆ ಹೋಗುವಾಗಲೂ ಗೋಡೆ ಹಿಡಿಯುತ್ತಿದ್ದೆ. ಬೆಟ್ಟ ಕಾಣುತ್ತದೆಂದು ಹಿತ್ತಲ ಕಿಟಕಿಯನ್ನೇ ತೆರೆಯುತ್ತಿರಲಿಲ್ಲ.

ಮೊಮ್ಮಗಳನ್ನು ನೋಡಲು ಬಂದ ಬೀಗಿತ್ತಿ ಆ ಕಿಟಕಿಯನ್ನು ದಬ್ಬಿ ತೆರೆದರು. "ಏನಕ್ಕಾ, ಕೂಸು ಅಂಬೆಗಾಲಿಡೋಕೆ ಸುರು ಮಾಡ್ತು, ನೀನು ನಡೆಯೋದೇ ಬುಟ್ಬುಟ್ಟೆ! ನಾಳೆ ಬೆಟ್ಟಕ್ಕೆ ಹೋಗಾಣ."

"ನೀವು ಯಾವತ್ತಾದ್ರೂ ಹತ್ತಿದ್ದೀರಾ ಬೀಗ್ರೇ?"

"ನಮ್ಮೂರಾಗೆ ಎಲ್ಲೈತೆ ಬೆಟ್ಟ? ನೀನೇ ತೋರ್ಸು."

ಬೆಳಗಾಗುತ್ತಲೇ ಹೊರಟೆವು. ಮೊದಲ ಮೆಟ್ಟಿಲುಗಳು ಹೇಗೋ ಮುಗಿದವು. ಬೋಳು ಬಂಡೆ ಎದುರಾಯಿತು, ನಾನು ಬಿದ್ದ ಜಾಗ. ಅರ್ಧ ಹತ್ತಿದ್ದೇ ತಡ, ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡುಬಿಟ್ಟೆ. ಮೇಲಕ್ಕೂ ಆಗದು, ಕೆಳಕ್ಕೂ ಆಗದು. ಊರೆಲ್ಲ ಕಾಲಡಿಯಲ್ಲಿ ತಿರುಗುತ್ತಿತ್ತು. ಮೊಮ್ಮಗಳ ಮುಖ ಇನ್ನು ನೋಡುವುದಿಲ್ಲವೆಂದೇ ಅಂದುಕೊಂಡೆ.

ಆಗ ಕೆಳಗಿದ್ದ ಬೀಗಿತ್ತಿ ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದರು. ನನಗೆ ಬೀಳುವ ಭಯಕ್ಕಿಂತ ಅದೇ ದೊಡ್ಡ ಭಯವಾಯಿತು. ಹೆಣ್ಣು ಕೊಟ್ಟವರು ನಾವು. ಧಾರೆಯ ದಿನ ಅವರ ಮಗನ ಪಾದ ತೊಳೆದವರು. ಗಂಡಿನ ತಾಯಿ ನಮ್ಮ ಕಾಲು ಮುಟ್ಟುವುದುಂಟೇ?

"ಬುಡಿ ಬೀಗ್ರೇ, ಕಾಲು ಮುಟ್ಬ್ಯಾಡಿ! ಯಾರಾದ್ರೂ ನೋಡಿದ್ರೆ ಏನಂದಾರು?"

"ಮ್ಯಾಲಿಂದ ಉರುಳಿದ್ರೆ ಏನಂದಾರು? ಬೀಗಿತ್ತೀನೇ ತಳ್ಬುಟ್ಳು ಅಂತಾರೆ! ಸುಮ್ಕೆ ಎತ್ತು."

ನನ್ನ ಹೆಜ್ಜೆಯನ್ನು ಕಲ್ಲಿನ ಕಚ್ಚಿನಲ್ಲಿ ಇಟ್ಟು ಒತ್ತಿದರು. ಮತ್ತೆ ಇನ್ನೊಂದು ಹೆಜ್ಜೆ. ಆಗ ಗೊತ್ತಾಯಿತು, ಅವರ ಬೆರಳುಗಳೂ ಗಡಗಡ ನಡುಗುತ್ತಿವೆ.

"ನಿಮಗೂ ಭಯವಾ?"

"ಇಲ್ದೆ ಏನು? ಕಣ್ಣೇ ಮುಚ್ಕಂಡಿವ್ನಿ. ನಡುಗೋ ಕೈ ಬಿಗಿಯಾಗೇ ಹಿಡ್ಕಂಡಿರ್ತದೆ ಕಣಕ್ಕಾ. ಪದ, ಏಮೀ ಕಾದು!" ನಡಿ, ಏನೂ ಆಗಲ್ಲ ಎಂದು ಅವರ ತೆಲುಗಿನಲ್ಲಿ.

ತುದಿಯವರೆಗೆ ಹೋಗಲಿಲ್ಲ. ಆ ಬಂಡೆ ದಾಟಿ ಸಮತಟ್ಟಿನಲ್ಲಿ ಕುಳಿತೆವು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ತಿಳಿಯದು. ಮೈಯೆಲ್ಲ ಹಬ್ಬ. ಅವರು ಮಾತ್ರ ಊರಿನ ಕಡೆ ಬೆನ್ನು ಹಾಕಿ ಕುಳಿತು, "ಇಳಿಯೋಕೆ ಬ್ಯಾರೆ ದಾರಿ ಐತಾ?" ಎಂದು ಕೇಳಿದರು. ಇರಲಿಲ್ಲ. ಇಳಿಯುವಾಗ ಕೆಳಗೆ ನಿಂತು ಅವರ ಹೆಜ್ಜೆ ಇಡಿಸಿದವಳು ನಾನು.

ಹೋದ ಬೇಸಿಗೆಯಲ್ಲಿ ಅವರು ಹೋಗಿಬಿಟ್ಟರು. ಜ್ವರವೆಂದು ಮಲಗಿದವರು ಏಳಲಿಲ್ಲ. ಹೆದರಿಕೆ ಹೋದ ಮೇಲೆ ನಡೆಯಬೇಕೆಂದು ನಾನು ಕಾಯುತ್ತಾ ಕುಳಿತಿದ್ದೆ. ಅದನ್ನು ಜೊತೆಗೇ ಕರೆದುಕೊಂಡು ಹೋಗಬಹುದೆಂದು ತೋರಿಸಿಕೊಟ್ಟವರು ಅವರು. ಆ ಋಣ ನನ್ನ ಮೇಲಿದೆ.

ಮೊನ್ನೆ, ಈಗ ಶಾಲೆಗೆ ಹೋಗುವಷ್ಟು ಬೆಳೆದ ಮೊಮ್ಮಗಳ ಜೊತೆ ಬೆಟ್ಟಕ್ಕೆ ಹೋಗಿದ್ದೆ. ಬೋಳು ಬಂಡೆಯ ಹತ್ತಿರ ಅವಳು ನನ್ನ ಮುಖ ನೋಡಿದಳು.

"ಅಜ್ಜೀ, ನಿಂಗೆ ಭಯ ಆಗ್ತೈತಾ?"

"ಊಂ ಕಣವ್ವ, ಬೋ ಆಗ್ತೈತೆ," ಎಂದೆ. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.