ಟವೆಲ್ಲು ತಲೆಗೇರಿದ ಮೇಲೆ

ಕೆಳಗಿನ ಮನೆ ಮಾಮಾ ಅವರ ತಲೆ ಚಿಕ್ಕದು, ಟವೆಲ್ಲು ದೊಡ್ಡದು. ಕೆಂಪು ಚೌಕಳಿಯ ಆ ಟವೆಲ್ಲನ್ನು ರುಮಾಲಿನಂತೆ ಸುತ್ತಿಕೊಂಡರೆ ಅದು ನೋಡನೋಡುತ್ತ ಹುಬ್ಬಿನವರೆಗೆ ಜಾರಿ, ಎಡಗಿವಿಯನ್ನು ಪೂರ್ತಿ ಮುಚ್ಚಿ, ಬಲಗಿವಿಯನ್ನು ಮಾತ್ರ ಹೊರಗೆ ಬಿಡುತ್ತಿತ್ತು. ಟವೆಲ್ಲು ಹೆಗಲ ಮೇಲಿದ್ದಾಗ ಅವರು ಪೆರಂಬೂರಿನ ನಮ್ಮ ಕಟ್ಟಡದ ಕೆಳಮಹಡಿಯಲ್ಲಿದ್ದ, ರೈಲ್ವೆಯಿಂದ ನಿವೃತ್ತರಾದ, ಸಕ್ಕರೆ ಕಾಯಿಲೆಯ ಸಾಧು ಮನುಷ್ಯ. ಅದು ತಲೆಗೇರಿತೆಂದರೆ ಕೋಟೆಯ ಬಾಗಿಲು ಕಾಯುವ ಭಟ. ಇವೆರಡರ ನಡುವಿನ ಸ್ಥಿತಿ ಅವರಿಗೆ ಗೊತ್ತೇ ಇರಲಿಲ್ಲ.

ನಾನು ಮಂಡ್ಯದವಳು. ಬ್ಯಾಂಕಿನ ವರ್ಗಾವಣೆ ಕೇಳಿ ಪಡೆದು ಚೆನ್ನೈಗೆ ಬಂದಿದ್ದೆ. ಭಾನುವಾರ ಮಧ್ಯಾಹ್ನ ನನ್ನ ಜೊತೆ ಕೆಲಸ ಮಾಡುವ ಸೆಲ್ವಿ ಮತ್ತು ರಘು ನನ್ನ ಮನೆಗೆ ಬಂದು ಸೇರುತ್ತಿದ್ದರು. ನಾವು ಆಡುತ್ತಿದ್ದುದು ಪಾತ್ರದ ಆಟ. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಬೇಕು, ಅವರು ಮಾಡಹೊರಟದ್ದು ಕೈಗೂಡುತ್ತದೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಕಥೆ ನಡೆಸುವವನು ರಘು. ನಾನೂ ಸೆಲ್ವಿಯೂ ಕೋಟೆ ಗೆಲ್ಲಲು ಹೊರಟ ಯೋಧೆಯರು. ಎರಡು ನಿಮಿಷಕ್ಕೊಮ್ಮೆ ಯಾರಾದರೂ ಫೋನು ನೋಡಿ ಬ್ಯಾಂಕಿನ ಮಾತು ತೆಗೆಯುತ್ತಿದ್ದರು. ನಮ್ಮ ಆಟ ಅಷ್ಟೇ ಗಟ್ಟಿ.

ಮಾಮಾ ಮೊದಲ ಸಲ ಮೇಲೆ ಬಂದದ್ದು ಗಲಾಟೆಯಿಂದ ನಿದ್ದೆ ಕೆಟ್ಟಿತೆಂದು ಹೇಳಲು. ಆ ಹೊತ್ತಿಗೆ ಸರಿಯಾಗಿ ಸೆಲ್ವಿ, "ನಾನು ಈಗ ಕೋಟೆ ಬಾಗಿಲು ಒಡೀತೀನಿ" ಎನ್ನುತ್ತ ದಾಳ ಎತ್ತಿದ್ದಳು.

ಮಾಮಾ ಹೊಸ್ತಿಲಲ್ಲೇ ನಿಂತರು. "ಬಾಗಿಲಲ್ಲಿ ಯಾರಮ್ಮ ಇದಾರೆ?"

"ಯಾರೂ ಇಲ್ಲ ಮಾಮಾ."

"ಕಾವಲಿಲ್ಲದ ಕೋಟೆ ಯಾವ ಸೀಮೆ ಕೋಟೆ?" ಎಂದವರೇ ಹೆಗಲಿನ ಟವೆಲ್ಲು ತೆಗೆದು ತಲೆಗೆ ಸುತ್ತಿ, ನನ್ನ ನೆಲ ಒರೆಸುವ ಕೋಲನ್ನು ಕೈಗೆ ತೆಗೆದುಕೊಂಡು ಹೊಸ್ತಿಲ ಮೇಲೆ ಕುಳಿತರು. ದನಿಯೇ ಬೇರೆಯಾಯಿತು. "ಎಲೈ ಹೆಂಗಸರೇ, ನೀವಾರು? ಯಾರ ಮಕ್ಕಳು? ಉಣ್ಣದೆ ಬಂದವರಂತೆ ಕಾಣುತ್ತೀರಿ."

ರಘುವಿನದು ಕನ್ನಡದ ಮನೆಯೇ. ಆದರೆ ಹುಟ್ಟಿ ಓದಿದ್ದು ಇಲ್ಲಿ, ಕನ್ನಡ ಅರ್ಥವಾದರೂ ಬಾಯಿಂದ ಬರುವುದು ತಮಿಳು. "ಮಾಮಾ, ಕಥೈಯಿಲೆ ಕಾವಲ್ಕಾರನ್ ಇಲ್ಲೈ" ಎಂದು ಗೋಗರೆದ. ಮಾಮಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪರದೇಶಿಯ ಮಾತು ನಮಗೆ ತಿಳಿಯದು, ದುಭಾಷಿ ಬರಲಿ" ಎಂದು ಕೋಲು ಕುಟ್ಟಿದರು. ಐವತ್ತು ವರ್ಷ ಚೆನ್ನೈಯಲ್ಲಿದ್ದು ಮೀನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ತಮಿಳಿನಲ್ಲೇ ಚೌಕಾಸಿ ಮಾಡಿದ ಮನುಷ್ಯ ಹೇಳಿದ ಮಾತಿದು. ಕೊನೆಗೆ ಮೈಸೂರು ಶಾಖೆಯಲ್ಲಿ ಕೆಲಸ ಮಾಡಿ ಕನ್ನಡ ಕಲಿತು ಬಂದಿದ್ದ ಸೆಲ್ವಿ ಎದ್ದು ನಿಂತಳು. ಕನ್ನಡದ ಹುಡುಗನ ತಮಿಳನ್ನು ತಮಿಳಿನ ಹುಡುಗಿ ಕನ್ನಡಕ್ಕೆ ತಿರುಗಿಸಿ ಕನ್ನಡದ ಮಾಮಾಗೆ ಹೇಳುವ ವ್ಯವಸ್ಥೆ ಅಂದಿನಿಂದ ಜಾರಿಗೆ ಬಂತು.

ಅವರ ಈ ಹಟದ ಮೂಲ ನನಗೆ ತಿಳಿದದ್ದು ಅವರ ಹೆಂಡತಿ ಮಾಮಿಯಿಂದ. ಮಾಮಾ ಕೆಲಸದಲ್ಲಿದ್ದಷ್ಟು ಕಾಲವೂ ಇಲ್ಲಿನ ಕನ್ನಡ ಸಂಘದ ನಾಟಕಗಳಿಗೆ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವವರಾಗಿದ್ದರು. ಒಂದು ಸಲವೂ ರಂಗದ ಮೇಲೆ ಬಂದವರಲ್ಲ, ಏಕೆಂದರೆ ಅವರು ಪಾತ್ರ ಮಾಡಿದರೆ ಉಳಿದವರಿಗೆ ಮಾತು ಹೇಳಿಕೊಡಲು ಯಾರೂ ಇರುತ್ತಿರಲಿಲ್ಲ. ಪರದೆಯ ಹಿಂದಿನಿಂದ ಅವರು ಎಲ್ಲ ನಟರಿಗೂ ಕಲಿಸಿದ ಪಾಠ ಒಂದೇ. ನಮಗೂ ಅದನ್ನೇ ಹೇಳುತ್ತಿದ್ದರು: "ಮಾತು ಮರೆತರೆ ಕೆಮ್ಮಿ. ಅಷ್ಟರಲ್ಲಿ ನೆನಪಾಗತ್ತೆ. ಪಾತ್ರ ಮಾತ್ರ ಬಿಡಬೇಡಿ." ಫೋನು ನೋಡುವ ನಮ್ಮ ಚಾಳಿ ಆ ಕೋಲಿನ ಭಯಕ್ಕೇ ಬಿಟ್ಟುಹೋಯಿತು.

ವಾರಗಟ್ಟಲೆ ನಮಗೆ ಕೋಟೆಯೊಳಗೆ ಹೋಗಲಾಗಲಿಲ್ಲ. ಒಂದು ಭಾನುವಾರ ನೀರಿನ ಕ್ಯಾನಿನವನು ಬಂದ. ಭಟರು ಕೋಲು ಅಡ್ಡ ಹಿಡಿದು, "ಏನು ತಂದಿರುವೆ?" ಎಂದು ಗುಡುಗಿದರು. ಅವನು ಕ್ಯಾನನ್ನು ಹೆಗಲಿನಿಂದ ಇಳಿಸಲೂ ಇಲ್ಲ, ಗಾಬರಿಯಾಗಲೂ ಇಲ್ಲ. "ಗಂಗಾ ತೀರ್ಥಂ, ಮನ್ನಾ" ಎಂದು ತನ್ನ ತಮಿಳಿನಲ್ಲಿ ಭಟರನ್ನೇ ರಾಜನಾಗಿಸಿದ. ಮಾಮಾ ತಕ್ಷಣ ಕೋಲು ಸರಿಸಿದರು. ನಾವು ಅಷ್ಟು ದಿನ ದಾಳ ಹಾಕಿ ಹಾಕಿ ಕೈ ನೋಯಿಸಿಕೊಂಡದ್ದು ನೆನೆದು ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಸೆಲ್ವಿ ಮೈಸೂರ್‌ಪಾಕಿನ ಡಬ್ಬಿ ತಂದಳು. ಲಂಚ ಮುಟ್ಟುವ ವಂಶ ತಮ್ಮದಲ್ಲವೆಂದು ಭಟರು ಮುಖ ತಿರುಗಿಸಿದರು. ಆದರೆ ವಿಷ ಬೆರೆತಿರಬಹುದಲ್ಲ, ಪರೀಕ್ಷಿಸುವುದು ಕಾವಲಿನ ಧರ್ಮವಲ್ಲವೇ ಎಂದು ಒಂದು ಚೂರು ಬಾಯಿಗೆ ಹಾಕಿಕೊಂಡರು. ಒಂದರಲ್ಲಿಲ್ಲದ ವಿಷ ಇನ್ನೊಂದರಲ್ಲಿರಬಹುದು. ಹೀಗೆ ಪರೀಕ್ಷೆ ಡಬ್ಬಿಯ ತಳ ಮುಟ್ಟುವ ಹೊತ್ತಿಗೆ ಮಾಮಿ ಮೆಟ್ಟಿಲು ಹತ್ತಿ ಬಂದರು.

"ಪೋದುಂ, ಸಾಕು, ಇಳಿಸಿ ಅದನ್ನ."

"ಮಹಾತಾಯಿ, ರಾಜಕಾರ್ಯದಲ್ಲಿ..."

"ರಾಜಕಾರ್ಯ ಅಂತೆ. ನಾಳೆ ಶುಗರ್ ಟೆಸ್ಟ್‌ಗೆ ರಾಜನೇ ಬರ್ತಾನಾ?" ಎಂದು ಮಾಮಿ ತಲೆಯ ಟವೆಲ್ಲನ್ನು ಸೆಳೆದುಕೊಂಡರು. ಟವೆಲ್ಲು ಹೋದೊಡನೆ ಭಟರೂ ಹೋದರು. "ಬಂದೆ ಕಣೇ" ಎಂದು ಮಾಮಾ ಸುಮ್ಮನೆ ಹಿಂದೆ ನಡೆದರು. ಕಾವಲಿಲ್ಲದ ಆ ಹೊತ್ತಿನಲ್ಲಿ ನಾವು ಕೋಟೆ ಹೊಕ್ಕೆವು, ದಾಳ ಒಲಿದು ನಾನು ರಾಣಿಯಾದೆ. ಮುಂದಿನ ವಾರ ಬಂದ ಮಾಮಾ ರಾಜ್ಯ ಬದಲಾದುದನ್ನು ಕೇಳಿ ತಲೆದೂಗಿ, ಅದೇ ಹೊಸ್ತಿಲ ಮೇಲೆ ನನ್ನ ಭಟರಾಗಿ ಕುಳಿತರು.

ಇಷ್ಟರಲ್ಲಿ ನನ್ನ ಅಪ್ಪ ಕಣ್ಣಿನ ಆಪರೇಷನ್ನಿಗೆಂದು ಚೆನ್ನೈಗೆ ಬಂದರು. ಅಪ್ಪನೂ ನಾನೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಹೆಣ್ಣು ನೋಡಲು ಬಂದವರ ಎದುರಿಗೇ, ಕೇಸರಿಭಾತಿನ ತಟ್ಟೆ ಕೈಯಲ್ಲಿರುವಾಗಲೇ, ನನಗೆ ಈ ಮದುವೆ ಬೇಡ ಎಂದಿದ್ದೆ. ಅದಕ್ಕೆ ಮುಂಚೆ ಅಪ್ಪನಿಗೆ ಎಷ್ಟು ಸಲ ಹೇಳಿದರೂ ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ಆಮೇಲೆ ನಾನು ಚೆನ್ನೈಗೆ ಬಂದೆ. ಅಪ್ಪ ಏನಿದ್ದರೂ ಅಮ್ಮನ ಮೂಲಕ ಕೇಳುತ್ತಿದ್ದರು. ಈಗ ಅಮ್ಮ ಊರಲ್ಲಿ ಉಳಿದಿದ್ದರು, ಮನೆಯಲ್ಲಿ ನಾವಿಬ್ಬರೇ. ಅಪ್ಪ ಸೀಲಿಂಗ್ ಫ್ಯಾನಿಗೆ, "ಈ ಮನೇಲಿ ಕಾಫಿ ಸಿಗತ್ತೋ?" ಎಂದು ಕೇಳುತ್ತಿದ್ದರು. ನಾನು ಕಾಫಿಯನ್ನು ಮೇಜಿನ ಮೇಲಿಟ್ಟು, ಗೋಡೆಗೆ "ಆರಿಹೋಗತ್ತೆ" ಎನ್ನುತ್ತಿದ್ದೆ.

ಭಾನುವಾರ ಅಪ್ಪ ತಿರುಗಾಡಿಕೊಂಡು ಬರಲು ಹೋಗಿ, ಕೈಯಲ್ಲಿ ಒಂದು ಕಟ್ಟು ಸೊಪ್ಪು ಹಿಡಿದು ಬಂದರು. ಹೊಸ್ತಿಲಲ್ಲಿ ಕೋಲು ಅಡ್ಡ ಬಂತು.

"ನಿಲ್ಲು. ಯಾರು ನೀನು?"

"ಇದು ನನ್ನ ಮಗಳ ಮನೆ ರೀ."

"ಇದು ರಾಣಿಯವರ ಕೋಟೆ. ಇಲ್ಲಿ ಮಗಳೂ ಇಲ್ಲ, ಅಪ್ಪನೂ ಇಲ್ಲ."

ಅಪ್ಪನ ಮುಖ ಕೆಂಪಾಯಿತು. ಸೆಲ್ವಿ ಮೆಲ್ಲಗೆ, "ಅಂಕಲ್, ಏನಾದ್ರೂ ಪಾತ್ರ ಹೇಳಿ, ಬಿಡ್ತಾರೆ" ಎಂದಳು. ಅಪ್ಪ ಕೈಯಲ್ಲಿದ್ದುದನ್ನು ನೋಡಿಕೊಂಡರು. "ನಾನು ಸೊಪ್ಪು ಮಾರೋನು" ಎಂದರು.

"ಹಾಗೆನ್ನು. ರಾಣಿಯವರೇ, ಸೊಪ್ಪಿನವನು ಬಂದಿದ್ದಾನೆ. ಅಪ್ಪಣೆಯಾಗಲಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, "ಯಾವ ಸೊಪ್ಪು, ಸೊಪ್ಪಿನವರೇ?" ಎಂದೆ.

"ದಂಟಿನ ಸೊಪ್ಪು. ಈ ಊರಲ್ಲಿ ಕೀರೆ ಅಂತಾರಂತೆ." ಅಪ್ಪ ಕಟ್ಟನ್ನು ಕೈಯಿಂದ ಕೈಗೆ ಬದಲಾಯಿಸಿದರು. "ರಾಣಿಯವರು ತುಂಬಾ ಬಡವಾಗಿದಾರೆ. ಅರಮನೇಲಿ ಸರಿಯಾಗಿ ಊಟ ಹಾಕಲ್ವಾ?"

"ಹಾಕ್ತಾರೆ. ನಿಮ್ಮೂರಲ್ಲಿ ಏನು ಸಮಾಚಾರ?"

"ನಮ್ಮೂರಲ್ಲಿ ಒಬ್ಬ ಅಪ್ಪ ಇದಾನೆ. ಮಗಳು ನಾಲ್ಕು ಜನರ ಮುಂದೆ ಆಗಲ್ಲ ಅಂದ್ಬಿಟ್ಲು. ತಲೆ ಎತ್ಕೊಂಡು ಓಡಾಡೋಕೆ ಆಗ್ಲಿಲ್ಲ ಅವನಿಗೆ."

"ಆ ಮಗಳು ಮೊದಲೇ ಅಪ್ಪನಿಗೆ ಹೇಳಿದ್ದಳಂತೆ. ಅವರು ಕೇಳಲಿಲ್ಲವಂತೆ."

ಅಪ್ಪ ಬಾಯಿ ತೆರೆದರು, ಮಾತು ಬರಲಿಲ್ಲ. ಇನ್ನೇನು ಸೊಪ್ಪನ್ನು ಅಲ್ಲೇ ಇಟ್ಟು ಇಳಿದುಹೋಗುತ್ತಾರೆ ಎಂದುಕೊಂಡೆ. ಆಗ ಭಟರು ಎದುರಿನ ಗೋಡೆಯನ್ನೇ ನೋಡುತ್ತ, ಪರದೆಯ ಹಿಂದಿನಿಂದ ಬರುವಷ್ಟು ಮೆಲ್ಲನೆಯ ದನಿಯಲ್ಲಿ, "ಕೆಮ್ಮಿ" ಎಂದರು.

ಅಪ್ಪ ಕೆಮ್ಮಿದರು. ಆಮೇಲೆ, "ಹೌದು. ಕೇಳಬೇಕಿತ್ತು" ಎಂದರು.

ನನಗೆ ಅಳು ಒತ್ತಿ ಬಂದು "ಅಪ್ಪಾ" ಎನ್ನುವುದರಲ್ಲಿದ್ದೆ. ಕೋಲು ನೆಲಕ್ಕೆ ಬಡಿಯಿತು. "ರಾಣಿಯವರು ಸೊಪ್ಪು ಕೊಳ್ಳುವರೋ ಇಲ್ಲವೋ?" ಕೊಂಡೆ. ಅಂದು ರಾತ್ರಿ ಮಾಡಿದ ದಂಟಿನ ಸೊಪ್ಪಿನ ಹುಳಿಗೆ ಉಪ್ಪು ಹೆಚ್ಚಾಗಿತ್ತು. ಸೊಪ್ಪಿನವರು ಎರಡು ಸಲ ಬಡಿಸಿಕೊಂಡರು.

ಟವೆಲ್ಲು ತಲೆಯ ಮೇಲಿರುವಾಗ ಮಾಮಾ ಪಾತ್ರ ಬಿಟ್ಟದ್ದನ್ನು ನಾನು ಕಂಡದ್ದು ಅಪ್ಪನಿಗೆ "ಕೆಮ್ಮಿ" ಎಂದ ಅದೊಂದೇ ಸಲ. ಮರುದಿನ ಮೆಟ್ಟಿಲ ಹತ್ತಿರ ಹಿಡಿದು ಕೇಳಿದರೆ, "ಭಟನಿಗೂ ಸ್ವಲ್ಪ ವೈದ್ಯ ಗೊತ್ತಿರತ್ತಮ್ಮ" ಎಂದು ಜಾರಿಕೊಂಡರು.

ಅಪ್ಪ ಊರಿಗೆ ಹೋದ ಮೇಲೆ ಭಾನುವಾರ ಭಾನುವಾರ ಫೋನು ಮಾಡತೊಡಗಿದರು. "ಸೊಪ್ಪಿನವನು ಮಾತಾಡ್ತಿದೀನಿ. ರಾಣಿಯವರು ಕ್ಷೇಮವೋ?" ವೇಷ ಕಳಚುವ ಧೈರ್ಯ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಆ ವೇಷದಲ್ಲೇ ಮಂಡಿನೋವು, ಪ್ರಮೋಷನ್ನು, ಅಮ್ಮನ ಮುನಿಸು ಎಲ್ಲವನ್ನೂ ಮಾತಾಡಿದೆವು.

ಹೋದ ಮಾರ್ಗಶಿರದಲ್ಲಿ ಮಾಮಾ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನಮ್ಮ ಗಲಾಟೆಗೆ ಕೆಡುತ್ತಿದ್ದ ನಿದ್ದೆ ಅಂದು ಯಾರ ಅಳುವಿಗೂ ಕೆಡಲಿಲ್ಲ. ಹೊರಡಿಸುವ ಹೊತ್ತಿಗೆ ರಘು ಆ ಕೆಂಪು ಚೌಕಳಿಯ ಟವೆಲ್ಲು ತಂದು, ಕಣ್ಣೊರೆಸಿಕೊಳ್ಳುತ್ತ, ನಾನು ಅವನ ಬಾಯಲ್ಲಿ ಮೊದಲ ಸಲ ಕೇಳಿದ ಕನ್ನಡದಲ್ಲಿ, "ತಲೆಗೆ ಕಟ್ಟಲಾ ಮಾಮಿ?" ಎಂದ.

"ಬೇಡಪ್ಪ. ಹೆಗಲ ಮೇಲೆ ಹಾಕು" ಎಂದರು ಮಾಮಿ. "ತಲೆಗೆ ಕಟ್ಟಿದ್ರೆ ಅಲ್ಲೂ ಹೋಗಿ ಬಾಗಿಲಲ್ಲೇ ಕೂತ್ಬಿಡ್ತಾರೆ. ಒಳಗೆ ಹೋಗ್ಲಿ."

ಸಂಜೆ ಊರಿಗೆ ಫೋನು ಮಾಡಿದೆ. "ಸೊಪ್ಪಿನವನು ಮಾತಾಡ್ತಿದೀನಿ" ಎಂದರು ಅಪ್ಪ ಲವಲವಿಕೆಯಿಂದ. ಹೇಗೆ ಹೇಳಬೇಕೋ ತಿಳಿಯಲಿಲ್ಲ. ಕೆಮ್ಮಿದೆ. ಅಪ್ಪನಿಗೆ ಗೊತ್ತಾಯಿತು. ಅತ್ತ ಕಡೆಯಿಂದಲೂ ಒಂದು ಕೆಮ್ಮು ಕೇಳಿಸಿತು.

"ಅಪ್ಪ ಮಾತಾಡ್ತಿದೀನಿ ಕಣಮ್ಮ" ಎಂದರು. "ಹೇಳು."